ಅತ್ತಿಗೆಯ ಲ್ಯಾಪ್‌ಟಾಪಿಗೆ ತಕ್ಕ ಪರದೆ

ಮಾರ್ಚ್ ೩

ಚಿನಕುರಳಿ,

ಈ ಕಾಗದ ಓದಿ ನೀನು ನಗುತ್ತೀಯೆಂದು ಗೊತ್ತು. ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಒಳಗೆ ಹೋಗಿ ನಕ್ಕು ಬಾ, ಆಮೇಲೆ ಮುಂದೆ ಓದು.

ನನಗೊಂದು ಲ್ಯಾಪ್‌ಟಾಪ್ ಬೇಕು. ಇಲಾಖೆಯ ಕೆಲಸಕ್ಕಲ್ಲ, ಆಟ ಆಡುವುದಕ್ಕೆ. ನಿಮ್ಮಣ್ಣ ಆಡುತ್ತಿದ್ದರಲ್ಲ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಗುಡ್ಡ, ಮನೆ, ಊರು ಕಟ್ಟುವ ಆಟ, ಅದು ಅದರಲ್ಲಿ ಸಲೀಸಾಗಿ ನಡೆಯಬೇಕು. ಅವರ ಹಳೆಯ ಕಂಪ್ಯೂಟರ್ ನಿನ್ನ ರಿಪೇರಿ ಅಂಗಡಿಯ ಅಟ್ಟದಲ್ಲಿದೆ ಎಂದು ಹೋದ ತಿಂಗಳು ನೀನೇ ಬರೆದಿದ್ದೆ. ಅದರೊಳಗೆ ಅವರು ಕಟ್ಟಿಟ್ಟದ್ದೆಲ್ಲವನ್ನೂ ಹೊಸದಕ್ಕೆ ಹಾಕಿ ಕಳಿಸು.

ಜೀಪಿನ ಡ್ರೈವರ್ ಒಂದು ಜಾಹೀರಾತಿನ ಹಾಳೆ ತಂದುಕೊಟ್ಟ. ಅದರಲ್ಲಿ ಪರದೆಯ ಬಗ್ಗೆಯೇ ಅರ್ಧ ಪುಟವಿದೆ. ಫುಲ್ ಎಚ್‌ಡಿ, ಕ್ಯುಎಚ್‌ಡಿ, ಫೋರ್‌ಕೆ. ಅದು ಸಾಲದೆಂದು ಮ್ಯಾಟ್, ಗ್ಲಾಸಿ. ಮೋಡವನ್ನು ನೋಡಿದ ಕೂಡಲೇ ಹೆಸರು ಹಿಡಿದು ಕರೆಯಬಲ್ಲ ನನಗೆ ಇದರಲ್ಲಿ ಒಂದಕ್ಷರವೂ ತಲೆಗೆ ಹತ್ತಲಿಲ್ಲ. "ದುಡ್ಡು ಜಾಸ್ತಿ ಇರೋದೇ ಚೆನ್ನಾಗಿರುತ್ತೆ ಬಿಡಿ ಅಮ್ಮಾ" ಎಂದ ಡ್ರೈವರ್. ಅವನ ಜೀಪು ನೋಡಿದರೆ ಅವನ ಮಾತು ನಂಬುವ ಹಾಗಿಲ್ಲ. ನೀನು ಹದಿನೇಳು ವರ್ಷದಿಂದ ಒಡೆದ ಪರದೆ ಬದಲಾಯಿಸಿಕೊಂಡು ಬಂದವಳು, ನೀನೇ ಹೇಳು.

ಈ ಹವಾಮಾನ ಕೇಂದ್ರಕ್ಕೆ ಫೋನ್ ಬರುತ್ತದೆ ಎಂದು ಮೇಲಿನವರು ಹೇಳಲು ಶುರುಮಾಡಿ ಒಂಬತ್ತು ವರ್ಷವಾಯಿತು, ಅಂದರೆ ನಾನು ಇಲ್ಲಿಗೆ ಬಂದಾಗಿನಿಂದ. ರೇಡಿಯೊದಲ್ಲಿ ಗಾಳಿ, ಮಳೆ, ಚಳಿಯ ಅಂಕಿ ಬಿಟ್ಟು ಬೇರೆ ಮಾತು ಕೂಡದು. ಹದಿನೈದು ದಿನಕ್ಕೊಮ್ಮೆ ಬರುವ ಜೀಪೇ ನಮ್ಮಿಬ್ಬರಿಗೂ ಗತಿ. ಬೇಗ ಬರೆ.

ಬೆಟ್ಟದ ಮೇಲಿನ,
ನಿನ್ನ ಅತ್ತಿಗೆ


ಮಾರ್ಚ್ ೧೭

ಅತ್ತಿಗೆಗೆ ನಮಸ್ಕಾರ.

ನಕ್ಕೆ. ಆಮೇಲೆ ನಗು ಬರಲಿಲ್ಲ. ಅಣ್ಣ ಹೋಗಿ ಎಂಟು ತಿಂಗಳಾಯಿತು. ಅವನು ಆ ಕಂಪ್ಯೂಟರ್ ಮುಂದೆ ಕೂತಾಗಲೆಲ್ಲ "ಮೀಸೆ ನರೆತ ಮೇಲೂ ಗೊಂಬೆಯಾಟ ಬೇಕಾ ನಿಮಗೆ?" ಎಂದು ಹಂಗಿಸುತ್ತಿದ್ದವರು ನೀವೇ. ಈಗ ನಿಮಗೇ ಅದು ಬೇಕಾಯಿತೇ? ಹೊತ್ತು ಹೋಗದಿದ್ದರೆ ಹೇಳಿ, ಪುಸ್ತಕ ಕಳಿಸುತ್ತೇನೆ.

ಆದರೂ ಕೇಳಿದ್ದಕ್ಕೆ ಉತ್ತರ ಹೇಳುವುದು ನನ್ನ ಕಸುಬು. ಪರದೆಯೆಂದರೆ ಅಣ್ಣ ಆಫೀಸಿನಿಂದ ತರುತ್ತಿದ್ದ ಚೌಕುಳಿ ಹಾಳೆ ಎಂದುಕೊಳ್ಳಿ. ನಕ್ಷೆ ಬರೆಯುವವನ ಹೆಂಡತಿಗೆ ಇಷ್ಟು ಹೇಳಿದರೆ ಸಾಕು. ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ. ಫುಲ್ ಎಚ್‌ಡಿಯಲ್ಲಿ ಅಂಥ ಚೌಕಗಳು ಇಪ್ಪತ್ತು ಲಕ್ಷ, ಕ್ಯುಎಚ್‌ಡಿಯಲ್ಲಿ ಹತ್ತಿರ ಹತ್ತಿರ ನಲವತ್ತು, ಫೋರ್‌ಕೆಯಲ್ಲಿ ಎಂಬತ್ತರ ಮೇಲೆ. ಚೌಕ ಹೆಚ್ಚಿದಷ್ಟೂ ದೂರದ್ದು ಬಿಡಿಬಿಡಿಯಾಗಿ ಕಾಣುತ್ತದೆ. ಕಡಿಮೆಯಿದ್ದರೆ ದೂರದ ಬೆಟ್ಟ ನಿಜವಾಗಿಯೂ ನುಣ್ಣಗೇ; ಅದರ ಮೇಲೆ ಮರವೂ ಇಲ್ಲ, ಮನೆಯೂ ಇಲ್ಲ. ಆದರೆ ಆಟದಲ್ಲಿ ಆ ಚೌಕಗಳಿಗೆಲ್ಲ ಸೆಕೆಂಡಿಗೆ ನಲವತ್ತು ಅರುವತ್ತು ಸಲ ಹೊಸದಾಗಿ ಬಣ್ಣ ತುಂಬಬೇಕು. ಆ ಬಣ್ಣ ತುಂಬುವ ಗ್ರಾಫಿಕ್ಸ್ ಕಾರ್ಡಿಗೆ ಅಷ್ಟು ತ್ರಾಣವಿಲ್ಲದೆ ಫೋರ್‌ಕೆ ಕೊಂಡರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದ ಹಾಗೆ.

ಇನ್ನು ಗ್ಲಾಸಿ. ಕಪ್ಪು ಅಚ್ಚ ಕಪ್ಪು, ಕೆಂಪು ಅಚ್ಚ ಕೆಂಪು, ನೋಡಿದವರು ಮರುಳಾಗಬೇಕು. ಆದರೆ ಬೆನ್ನ ಹಿಂದೆ ಕಿಟಕಿಯಿದ್ದರೆ ಅದೇ ಕನ್ನಡಿ. ಮೊನ್ನೆ ಒಬ್ಬರು ವಾಪಸ್ ತಂದಿಟ್ಟು, "ಇದರಲ್ಲಿ ಆಟಕ್ಕಿಂತ ನನ್ನ ಬೋಳುತಲೇನೇ ಚೆನ್ನಾಗಿ ಕಾಣುತ್ತೆ ಕಣಮ್ಮಾ" ಎಂದರು. ಮ್ಯಾಟ್ ಬೆಳಕನ್ನು ಚೆದುರಿಸಿಬಿಡುತ್ತದೆ, ಕಣ್ಣಿಗೆ ತಂಪು. ಬಣ್ಣ ಮಾತ್ರ ಕೂದಲೆಳೆಯಷ್ಟು ಮಂಕು.

ನಿಮ್ಮ ಕೋಣೆ ಹೇಗಿದೆ, ಬೆಳಕು ಎಲ್ಲಿಂದ, ಕರೆಂಟ್ ಎಷ್ಟು, ಬರೆಯಿರಿ. ಯಾಕೆ ಬೇಕು ಎಂಬುದನ್ನೂ ಬರೆಯಿರಿ. ಅದು ಗೊತ್ತಿಲ್ಲದೆ ನಾನು ಯಾರಿಗೂ ಪರದೆ ಮಾರುವುದಿಲ್ಲ.

ನಿಮ್ಮ ನಾದಿನಿ


ಏಪ್ರಿಲ್ ೨

ಚಿನಕುರಳಿ,

ಮೊದಲು ಕೋಣೆ. ಹನ್ನೊಂದು ಅಡಿ ಉದ್ದ, ಒಂಬತ್ತು ಅಡಿ ಅಗಲ. ಮೂರು ಕಡೆ ಸೊಂಟದಿಂದ ಮೇಲೆ ಬರೀ ಗಾಜು, ಆಕಾಶ ನೋಡುವುದೇ ಉದ್ಯೋಗವಾದ್ದರಿಂದ. ಮೇಜು ನೆಲಕ್ಕೆ ಬೋಲ್ಟ್ ಹಾಕಿದ್ದು, ಅಲುಗಿಸುವಂತಿಲ್ಲ. ಅದರ ಎದುರು ಕೂತರೆ ಬೆನ್ನಿಗೆ ಪಶ್ಚಿಮ. ಮಧ್ಯಾಹ್ನ ಮೋಡ ಕೆಳಗಿಳಿದಾಗ ಅದರ ಬಿಳುಪು ಮೇಲಿನಿಂದಲ್ಲ, ಕೆಳಗಿನಿಂದ ಕಣ್ಣಿಗೆ ಹೊಡೆಯುತ್ತದೆ. ಕರೆಂಟ್ ಚಾವಣಿಯ ಸೋಲಾರ್ ಹಲಗೆಯಿಂದ. ರೇಡಿಯೊಗೆ ಮತ್ತು ಉಪಕರಣಗಳಿಗೆ ತೆಗೆದಿಟ್ಟು ಮಿಕ್ಕದ್ದು ನನಗೆ, ಅಂದರೆ ಒಂದು ದೀಪ, ಒಂದು ಸಣ್ಣ ಒಲೆ.

ಈಗ ಯಾಕೆ ಎಂಬುದು. ಹೇಳಬಾರದೆಂದಿದ್ದೆ, ನೀನು ಬಿಡುವವಳಲ್ಲ.

ನಿಮ್ಮಣ್ಣನ ಕೊನೆಯ ಕಾಗದದಲ್ಲಿ ಎರಡೇ ಸಾಲಿದ್ದವು. "ಕೆಲಸ ಮುಗಿಯಿತು. ರಜೆಗೆ ಬಂದಾಗ ತೋರಿಸುತ್ತೇನೆ." ಯಾವ ಕೆಲಸ ಎಂದು ನನಗೆ ಗೊತ್ತಿತ್ತು, ಆ ಆಟ. ನಾನು ಏನು ಬರೆದೆ ಗೊತ್ತೇ? "ನಿಮ್ಮ ಗೊಂಬೆಯಾಟ ನೋಡಲು ಐದು ಗಂಟೆ ಜೀಪಿನಲ್ಲಿ ಮೈಮೂಳೆ ಮುರಿದುಕೊಂಡು ಬರಬೇಕೇ? ಮುಂದಿನ ತಿಂಗಳು ನೋಡೋಣ." ರಜೆ ಮುಂದೂಡಿದೆ. ಆ ತಿಂಗಳಲ್ಲೇ ಅವರು ಹೋದರು. ನನ್ನ ಆ ಕಾಗದ ಅವರ ಜೇಬಿನಲ್ಲಿತ್ತು, ಅಂಗಿ ತೊಳೆಯಲು ಹೋದಾಗ ಸಿಕ್ಕಿತು.

ಎತ್ತರದ ಜಾಗ ಅವರ ಹೃದಯಕ್ಕಾಗದು ಎಂದು ಡಾಕ್ಟರ್ ಹೇಳಿದ್ದರಿಂದ ಅವರು ಒಂದು ಸಲವೂ ಇಲ್ಲಿಗೆ ಬರಲಿಲ್ಲ. ನಾನು ವರ್ಷಕ್ಕೆ ಎರಡು ಸಲ ಬಂದೆ. ಉಳಿದ ದಿನಗಳಲ್ಲಿ ಆ ಮನುಷ್ಯ ಕೆಳಗೆ ಏನು ಮಾಡುತ್ತಿದ್ದರು, ಖುಷಿಯಾಗಿದ್ದರೇ, ಒಂಟಿತನಕ್ಕೆ ಇಟ್ಟಿಗೆ ಜೋಡಿಸಿಕೊಂಡು ಕೂತಿದ್ದರೇ? ಇದೊಂದು ತಿಳಿಯದೆ ನನಗೆ ಊಟ ಸೇರುತ್ತಿಲ್ಲ. ಅವರು ತೋರಿಸುತ್ತೇನೆ ಎಂದದ್ದನ್ನು ನಾನು ನೋಡಬೇಕು. ಅಷ್ಟೇ.

ನಿನ್ನ ಅತ್ತಿಗೆ


ಮೇ ೧

ಅತ್ತಿಗೆ,

ನಡುವಿನ ಜೀಪಿಗೆ ಕಾಗದ ಹಾಕಲಿಲ್ಲ, ತಪ್ಪು ತಿಳಿಯಬೇಡಿ. ಕೆಲಸ ಹೆಚ್ಚಿತ್ತು.

ಪೆಟ್ಟಿಗೆ ಕಳಿಸಿದ್ದೇನೆ. ಫೋರ್‌ಕೆ, ಗ್ಲಾಸಿ. ನನ್ನ ಅಂಗಡಿಗೆ ಇದಕ್ಕಿಂತ ಮೇಲಿನದು ಬಂದಿಲ್ಲ. ಅಣ್ಣನ ಆಟ ಹಾಕಿದ್ದೇನೆ, ತೆರೆದು ನೋಡಲು ಹೋಗಲಿಲ್ಲ.

ನಾದಿನಿ


ಮೇ ೧೭

ಚಿನಕುರಳಿ,

ನಿನ್ನ ಪೆಟ್ಟಿಗೆ ತೆರೆದಾಗ ಡ್ರೈವರ್ ಬಾಯಿ ಬಿಟ್ಟುಕೊಂಡು ನೋಡಿದ. "ಏನಮ್ಮಾ ಇದು, ಕೆರೆ ನೀರ್ ಇದ್ದಂಗೈತಲ್ಲ!" ಎಂದ. ನಿಜ. ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡೂ ಹೋದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಆಮೇಲೆ ತಿಳಿಯಿತು.

ಮೂರು ಗಂಟೆಗೆ ಮೇಜಿನ ಮುಂದೆ ಕೂತೆ. ವರದಿ ಹೀಗಿದೆ. ಪರದೆಯಲ್ಲಿ ಮೋಡ: ಎಂಟರಲ್ಲಿ ಏಳು ಭಾಗ. ಗಾಳಿ: ಪಶ್ಚಿಮದಿಂದ. ಕಂಡ ಇತರ ವಸ್ತುಗಳು: ನನ್ನ ಮೂಗು, ಕನ್ನಡಕ, ಹಿಂದಿನ ಕಂಬದ ಮೇಲೆ ಕೂತ ಕಾಗೆ. ಆಟ: ಕಂಡುಬಂದಿಲ್ಲ.

ಸಂಜೆಯವರೆಗೆ ಕಾದೆ. ಹೊರಗೆ ಮಬ್ಬಾದ ಮೇಲೆ ಪರದೆ ಬಾಯಿ ತೆರೆಯಿತು. ಆದರೆ ಅದು ಕುಂಟುತ್ತಾ ಕುಂಟುತ್ತಾ, ಒಂದು ಹೆಜ್ಜೆಗೆ ನಾಲ್ಕು ಸಲ ನಿಂತು ನಡೆಯಿತು. ಚಾರ್ಜಿಗೆ ಹಾಕಿದ ಕೂಡಲೇ ಕೇಂದ್ರದ ಇನ್ವರ್ಟರ್ ಕೂಗಿಕೊಂಡು ನಿಂತುಬಿಟ್ಟಿತು. ರೇಡಿಯೊ ಸತ್ತರೆ ನನ್ನ ಕೆಲಸ ಹೋಗುತ್ತದೆ ಎಂದು ತಂತಿ ಕಿತ್ತೆ. ಬ್ಯಾಟರಿಯಲ್ಲಿ ಇದ್ದದ್ದು ಒಟ್ಟು ಒಂಬತ್ತು ನಿಮಿಷ.

ಆ ಒಂಬತ್ತು ನಿಮಿಷದಲ್ಲಿ ನಾನು ಏನು ನೋಡಿದೆ ಎಂದು ಹೇಳುತ್ತೇನೆ. ಕಲ್ಲಿನ ಮೆಟ್ಟಿಲು. ನಾನು ಹತ್ತುತ್ತಾ ಹೋದೆ. ಸುಮ್ಮನೆ, ರೂಢಿಬಲದಿಂದ, ಬಾಯಲ್ಲಿ ಎಣಿಸಿಕೊಂಡೆ. ನಲವತ್ತೊಂದು. ಅದರ ಮೇಲೊಂದು ನೀಲಿ ಬಾಗಿಲು, ಅದರ ಚಿಲಕ ಎಡಕ್ಕೆ. ಅಷ್ಟರಲ್ಲಿ ಪರದೆ ಆರಿತು.

ನಾನು ಎದ್ದು ಹೊರಗೆ ಹೋಗಿ ನಮ್ಮ ಕೇಂದ್ರದ ಮೆಟ್ಟಿಲನ್ನು ಎಣಿಸಿದೆ, ಒಂಬತ್ತು ವರ್ಷದಿಂದ ಹತ್ತಿಳಿಯುತ್ತಿರುವ ಮೆಟ್ಟಿಲನ್ನು. ನಲವತ್ತೊಂದು. ಬಾಗಿಲು ನೀಲಿ. ಚಿಲಕ ಎಡಕ್ಕೆ. ಕೆಳಗಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಇದನ್ನು ವಾಪಸ್ ಕಳಿಸುತ್ತಿದ್ದೇನೆ. ನನಗೆ ತಕ್ಕದ್ದನ್ನು ಕೊಡು. ದಯವಿಟ್ಟು ಬೇಗ.

ಅತ್ತಿಗೆ


ಮೇ ೩೧

ಅತ್ತಿಗೆ,

ತಪ್ಪು ನನ್ನದೇ. ಈ ಕಸುಬಿಗೆ ಬಂದ ಮೊದಲ ವಾರ ಕಲಿಯುವ ಪಾಠವೆಂದರೆ ಅಂಗಡಿಯ ದೀಪದಲ್ಲಿ ನೋಡಿ ಪರದೆ ಆರಿಸಬಾರದು, ಅದು ಇರುವ ಮನೆಯ ಬೆಳಕಿನಲ್ಲಿ ಯೋಚಿಸಿ ಆರಿಸಬೇಕು. ನೀವು ಅಡಿ ಅಂಗುಲ ಸಮೇತ ಬರೆದಿದ್ದಿರಿ. ನಾನು ಆ ಭಾಗ ಓದಲೇ ಇಲ್ಲ. "ಗೊಂಬೆಯಾಟ" ಎಂಬ ಮಾತಿನ ಮೇಲೆ ನನ್ನ ಕಣ್ಣು ನಿಂತಿತು, ಅಲ್ಲಿಂದ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಸಿಟ್ಟಿನಲ್ಲಿ ಅಂಗಡಿಯ ಅತಿ ದೊಡ್ಡ ಪೆಟ್ಟಿಗೆ ಎತ್ತಿ ಕಳಿಸಿದೆ, ತಗೊಳ್ಳಿ ನೋಡಿ ಎಂಬ ಹಾಗೆ.

ಮನಸ್ಸಿನಲ್ಲಿ ಇಟ್ಟುಕೊಂಡು ಸಾಕಾಗಿದೆ, ಹೇಳಿಬಿಡುತ್ತೇನೆ. ನೀವು ಬೆಟ್ಟದ ಮೇಲಿದ್ದಿರಿ, ಅಣ್ಣನ ಜೊತೆ ಮನೆಯಲ್ಲಿದ್ದವಳು ನಾನು. ದಿನಾ ಸಂಜೆ ಆರು ಗಂಟೆಗೆ ಅವನು ತನ್ನ ಕೋಣೆಯ ದೀಪ ಹಾಕಿ, ಕಿಟಕಿಯ ಪರದೆ ಪೂರಾ ಸರಿಸಿ, ವಾಕಿಂಗ್ ಹೊರಟುಬಿಡುತ್ತಿದ್ದ. ಯಾರೂ ಇಲ್ಲದ ಕೋಣೆಗೆ ದೀಪ! ನಾನು ಹೋಗಿ ಆರಿಸುತ್ತಿದ್ದೆ. ಅವನು ಬಂದು ಮತ್ತೆ ಹಾಕುತ್ತಿದ್ದ. "ಇರಲಿ ಬಿಡೇ, ನಿನ್ನ ಗಂಟೇನು ಹೋಗುತ್ತೆ" ಎನ್ನುತ್ತಿದ್ದ. ಕತ್ತಲಿಗೆ ಹೆದರುವಷ್ಟು ಒಂಟಿಯಾಗಿದ್ದಾನೆ ನಮ್ಮಣ್ಣ ಎಂದು ನನಗೆ ಸಂಕಟವಾಗುತ್ತಿತ್ತು. ಇವಳಿಗೆ ಗಂಡನಿಗಿಂತ ಮೋಡವೇ ಹೆಚ್ಚಾಯಿತಲ್ಲ ಎಂದು ನಿಮ್ಮನ್ನು ಬೈದುಕೊಂಡಿದ್ದೇನೆ. ಅಣ್ಣ ಹೋದ ದಿನ ನೀವು ಜೀಪಿನಿಂದ ಇಳಿದಾಗ ನಾನು ನಿಮ್ಮ ಮುಖ ನೋಡಲಿಲ್ಲ. ಅದು ಅಳುವಿನಿಂದಲ್ಲ. ಈಗ ಗೊತ್ತಾಯಿತಲ್ಲ?

ಈ ಸಲ ಸರಿಯಾಗಿ ಯೋಚಿಸಿದ್ದೇನೆ. ಕ್ಯುಎಚ್‌ಡಿ, ಮ್ಯಾಟ್. ಮೂರು ಕಡೆ ಗಾಜಿರುವ ಕೋಣೆಗೆ ಮ್ಯಾಟ್ ಬಿಟ್ಟು ಬೇರೆ ಮಾತೇ ಇಲ್ಲ. ಫುಲ್ ಎಚ್‌ಡಿ ಕೊಟ್ಟರೆ ಕರೆಂಟ್ ಇನ್ನಷ್ಟು ಉಳಿಯುತ್ತಿತ್ತು. ಆದರೆ ಅಣ್ಣ ಸೂಜಿಮೊನೆಯ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದವನು, ಅವನ ಕೆಲಸವನ್ನು ಅರ್ಧದಷ್ಟೇ ಚೌಕಗಳಲ್ಲಿ ನೋಡಬಾರದು ಅನ್ನಿಸಿತು. ಆಟ ಸೆಕೆಂಡಿಗೆ ನಲವತ್ತು ಚಿತ್ರದ ಮೇಲೆ ಓಡದ ಹಾಗೆ ಕಟ್ಟಿಹಾಕಿದ್ದೇನೆ. ನೀವು ಗುಂಡು ಹಾರಿಸುವವರಲ್ಲ, ನಡೆಯುವವರು, ಅಷ್ಟು ಸಾಕು. ಇನ್ವರ್ಟರ್ ಕೂಗುವುದಿಲ್ಲ.

ನಾದಿನಿ


ಜೂನ್ ೧೬

ಚಿನಕುರಳಿ,

ನಿನ್ನ ಸಿಟ್ಟು ನ್ಯಾಯವಾದದ್ದು. ಅದಕ್ಕೆ ಉತ್ತರವನ್ನು ಆಮೇಲೆ ಹೇಳುತ್ತೇನೆ. ಮೊದಲು ಇದನ್ನು ಕೇಳು, ಇಲ್ಲದಿದ್ದರೆ ನನ್ನ ಎದೆ ಒಡೆಯುತ್ತದೆ.

ಪರದೆ ಚೆನ್ನಾಗಿದೆ. ನಡುಮಧ್ಯಾಹ್ನವೂ ಕಾಣುತ್ತದೆ. ನಾನು ಐದು ದಿನ, ಉಪಕರಣಗಳ ಅಂಕಿ ಬರೆದುಕೊಳ್ಳುವ ಒಂದು ಓದಿಗೂ ಇನ್ನೊಂದು ಓದಿಗೂ ನಡುವೆ ಸಿಗುವ ಬಿಡುವಿನಲ್ಲೆಲ್ಲ ಅದರೊಳಗೆ ನಡೆದಿದ್ದೇನೆ.

ನಿಮ್ಮಣ್ಣ ನನ್ನ ಕೇಂದ್ರವನ್ನು ಕಟ್ಟಿದ್ದಾರೆ. ಒಂದು ಸಲವೂ ನೋಡದ ಜಾಗವನ್ನು. ಮಳೆ ಅಳೆಯುವ ತಾಮ್ರದ ಪಾತ್ರೆ ಇದೆ, ಅದರ ಪಕ್ಕದ ಓರೆಯಾದ ಗೂಟ ಸಮೇತ. ಥರ್ಮಾಮೀಟರ್ ಇಡುವ ಬಿಳಿ ಪೆಟ್ಟಿಗೆಯ ಪಟ್ಟಿಗಳನ್ನು ಎಣಿಸಿದೆ, ಹದಿನಾಲ್ಕು, ಸರಿಯಾಗಿದೆ. ಉತ್ತರದ ಮೂರನೇ ಗಾಜಿನ ಬಿರುಕು ಇದೆ. ಒಲೆಯ ಪಕ್ಕ ಇಲ್ಲಿನ ನನ್ನ ಬೆಕ್ಕು ಮಲಗಿದೆ. ಆದರೆ ಅದಕ್ಕೆ ಬಣ್ಣವಿಲ್ಲ, ಬರೀ ಬೂದು. ಯಾಕೆಂದು ತಲೆಕೆಡಿಸಿಕೊಂಡೆ, ಆಮೇಲೆ ಹೊಳೆಯಿತು. ಬೆಕ್ಕಿನ ಬಣ್ಣ ನಾನು ಯಾವತ್ತೂ ಬರೆದಿಲ್ಲ. ನಕ್ಷೆ ಬರೆಯುವವರು ಗೊತ್ತಿಲ್ಲದ್ದನ್ನು ಊಹಿಸಿ ತುಂಬುವುದಿಲ್ಲ, ಖಾಲಿ ಬಿಡುತ್ತಾರೆ. ಅಯ್ಯೋ, ಒಂದು ಮಾತು ಕೇಳಿದ್ದರೆ ಕಂದು ಎಂದು ಬರೆಯುತ್ತಿದ್ದೆನಲ್ಲ!

ಕೇಳದೆ ಬಿಟ್ಟದ್ದು ಅದೊಂದೇ. ಮಿಕ್ಕದ್ದೆಲ್ಲ ಕೇಳಿದ್ದರು. ಎಂಟು ವರ್ಷ ಅವರ ಕಾಗದಗಳಲ್ಲಿ ಇದೇ ಇರುತ್ತಿತ್ತು. "ಬಾಗಿಲ ಚಿಲಕ ಎಡಕ್ಕೋ ಬಲಕ್ಕೋ? ಕಿಟಕಿಯಿಂದ ಕಂಬಕ್ಕೆ ಎಷ್ಟು ಹೆಜ್ಜೆ?" ಹೆಂಡತಿ ಹೇಗಿದ್ದಾಳೆ ಎಂದು ಕೇಳುವುದು ಬಿಟ್ಟು ಚಿಲಕ ಕೇಳುತ್ತಾರಲ್ಲ ಈ ಮನುಷ್ಯ, ಬರೆಯಲು ಏನೂ ಇಲ್ಲದೆ ಹಾಳೆ ತುಂಬಿಸುತ್ತಾರೆ ಎಂದು ನನಗೆ ರೇಗುತ್ತಿತ್ತು. ಒಂದೊಂದು ಸಲ ಉತ್ತರವನ್ನು ಸಿಡುಕಿನಲ್ಲೇ ಬರೆದಿದ್ದೇನೆ. ಸಿಡುಕಿನಲ್ಲಿ ಬರೆದದ್ದನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಕಟ್ಟಿದ್ದಾರೆ.

ಈಗ ದೀಪದ ಮಾತು. ನಾನು ಇಲ್ಲಿಗೆ ಬಂದ ಎರಡನೇ ವರ್ಷ ಅವರಿಗೊಂದು ಸುಳ್ಳು ಬರೆದೆ. ಅವರ ಮನಸ್ಸಿಗೆ ಸಮಾಧಾನವಾಗಲಿ ಎಂದು. "ಸಂಜೆ ಮೋಡ ಸರಿದರೆ ಕೆಳಗೆ ನಮ್ಮ ಮನೆಯ ಕಿಟಕಿಯ ದೀಪ ಕಾಣುತ್ತದೆ, ನೋಡಿಕೊಂಡು ಆರರ ಓದು ತೆಗೆಯುತ್ತೇನೆ." ಕಾಣುವುದಿಲ್ಲ, ಚಿನಕುರಳಿ. ಊರಿಗೂ ನನಗೂ ನಡುವೆ ಅಡ್ಡಗುಡ್ಡವಿದೆ. ಆ ಗುಡ್ಡದ ಬೆನ್ನ ಹೊರತು ಇಲ್ಲಿಂದ ಏನೂ ಕಾಣದು.

ಮೊನ್ನೆ ಆಟದೊಳಗೆ ನನ್ನ ಕೋಣೆಗೆ ಹೋಗಿ ಮೇಜಿನ ಬಳಿ ನಿಂತೆ. ಅಲ್ಲಿ ಸಂಜೆಯಾಗುತ್ತಿತ್ತು. ಕಿಟಕಿಯಿಂದ ಹೊರಗೆ ನೋಡಿದರೆ ಎಲ್ಲ ಬೆಟ್ಟಗಳೂ ತಮ್ಮ ತಮ್ಮ ಜಾಗದಲ್ಲಿವೆ, ಅಡ್ಡಗುಡ್ಡ ಮಾತ್ರ ಇಲ್ಲ. ಆ ಗುಡ್ಡವನ್ನು ಇಲಾಖೆಯ ನಕ್ಷೆಯಲ್ಲಿ ಬರೆದದ್ದು ಅವರದೇ ಕೈ. ಅದರ ಎತ್ತರ ಅವರಿಗೆ ಬಾಯಿಪಾಠ. ಬೆಕ್ಕಿನ ಬಣ್ಣವನ್ನೂ ಊಹಿಸದ ಮನುಷ್ಯ ಒಂದು ಇಡೀ ಗುಡ್ಡವನ್ನು ತೆಗೆದುಹಾಕಿದ್ದಾರೆ. ಆ ಬಯಲಿನಾಚೆ, ಕೆಳಗೆ, ಬಹಳ ದೂರ, ಒಂದೇ ಒಂದು ಹಳದಿ ಚುಕ್ಕಿ. ಪರದೆಗೆ ಮೂಗು ತಾಗಿಸಿ ನೋಡಿದೆ. ನಮ್ಮ ಮನೆಯ ಕಿಟಕಿ.

ನಾನು ಸುಳ್ಳು ಹೇಳಿದೆ ಎಂದು ಅವರಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಏಳು ವರ್ಷ ದಿನಾ ಸಂಜೆ ಆರಕ್ಕೆ ದೀಪ ಹಾಕಿದರು. ನೀನು ಆರಿಸಿದರೆ ಮತ್ತೆ ಹಾಕಿದರು. ಇಂಥ ಮನುಷ್ಯನೊಂದಿಗೆ ನಾನು ಸಂಸಾರ ಮಾಡಿದೆನೇ? ಮಾಡಿದ್ದೂ ನನಗೆ ಗೊತ್ತಾಗಲಿಲ್ಲವೇ? ಆರರ ಓದಿಗೆ ಹೊತ್ತಾಯಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ಅತ್ತಿಗೆ


ಜೂನ್ ೩೦

ಅತ್ತಿಗೆ,

ನಿಮ್ಮ ಕಾಗದ ಓದಿ ಅಂಗಡಿಯ ಬಾಗಿಲು ಎಳೆದುಕೊಂಡೆ. ಗಿರಾಕಿ ಒಬ್ಬರು ಹೊರಗೆ ನಿಂತು "ಊಟದ ಹೊತ್ತಾ?" ಎಂದು ಕೂಗಿದರು. ಹೌದು ಎಂದೆ.

ಅಣ್ಣನ ಆಟವನ್ನು ಮೊದಲು ನನ್ನ ಮೇಜಿನ ಫುಲ್ ಎಚ್‌ಡಿ ಪರದೆಯಲ್ಲಿ ನೋಡಿದೆ. ನಿಮ್ಮ ಕಿಟಕಿಯ ಬಳಿ ನಿಂತೆ, ಗುಡ್ಡ ಇಲ್ಲ, ನಿಜ. ದೀಪವೂ ಇಲ್ಲ. ತಲೆ ಒಂದಿಷ್ಟು ಆಚೀಚೆ ಮಾಡಿದರೆ ಏನೋ ಮಿಣುಕಿ ಮಾಯವಾಗುತ್ತದೆ. ಮತ್ತೆ ಸುಳ್ಳು ಬರೆದರೇ ಇವರು ಎಂದು ಒಂದು ಗಳಿಗೆ ಅನ್ನಿಸಿತು, ಕ್ಷಮಿಸಿ. ಆಮೇಲೆ ನಿಮ್ಮದರ ಜೋಡಿಯಂಥ ಪರದೆ ಹಚ್ಚಿದೆ. ಇದ್ದಲ್ಲೇ ಇತ್ತು, ಅಲುಗಾಡದೆ.

ಕೊನೆಗೆ ಅಟ್ಟ ಹತ್ತಿ ಅಣ್ಣನ ಹಳೇ ಮಾನಿಟರ್ ಇಳಿಸಿ ಒರೆಸಿ ಹಚ್ಚಿದೆ. ಅದರಲ್ಲಿರುವುದು ಎಂಟು ಲಕ್ಷ ಚೌಕ ಮಾತ್ರ. ಒಂದು ಗಂಟೆ ನೋಡಿದೆ ಅತ್ತಿಗೆ, ಎಲ್ಲ ಕೋನದಿಂದಲೂ ನೋಡಿದೆ. ಆ ದೀಪ ಅದರಲ್ಲಿ ಕಾಣುವುದಿಲ್ಲ. ಒಂದು ಚೌಕಕ್ಕಿಂತ ಸಣ್ಣದಾದ್ದರಿಂದ ಕಾಣಲು ಸಾಧ್ಯವೂ ಇಲ್ಲ. ಹದಿನೇಳು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ, ಆ ಕಿಟಕಿಯಲ್ಲಿ ನಿಂತು ನೀವು ನೋಡಿದ್ದನ್ನು ಅಣ್ಣ ಒಂದು ದಿನವೂ ನೋಡಿಲ್ಲ. ಅಳತೆಯ ಲೆಕ್ಕದಲ್ಲಿ ಅದು ಅಲ್ಲಿರಬೇಕು, ಅದಕ್ಕೆ ಇಟ್ಟಿದ್ದಾನೆ.

ಒಂಟಿತನಕ್ಕೆ ದೀಪ ಹಾಕುತ್ತಾನೆ ಎಂದುಕೊಂಡು ಏಳು ವರ್ಷ ಅದನ್ನು ಆರಿಸುತ್ತಾ ಬಂದವಳು ನಾನು. ನಿಮ್ಮನ್ನು ಅಂದ ಮಾತಿಗೆ, ಅನ್ನದೆ ಒಳಗಿಟ್ಟುಕೊಂಡ ಮಾತಿಗೆ, ಎರಡಕ್ಕೂ ತಪ್ಪಾಯಿತು. ನಾನು ಆಟದೊಳಗೆ ಮನೆಯ ತನಕ ಹೋಗಲಿಲ್ಲ, ಧೈರ್ಯ ಬರಲಿಲ್ಲ. ಆ ಮನೆಯೊಳಗೆ ಏನಿದೆಯೋ ನೀವೇ ನೋಡಿ ಹೇಳಿ.

ನಿಮ್ಮ ಚಿನಕುರಳಿ


ಜುಲೈ ೧೬

ಚಿನಕುರಳಿ, ನನ್ನ ಕಂದಾ,

ಹೋಗಿ ಬಂದೆ. ಮೆಟ್ಟಿಲಿಳಿದು, ಜೀಪಿನ ದಾರಿ ಹಿಡಿದು, ತಿರುವು ತಿರುವಾಗಿ ಕೆಳಗೆ. ಒಂದೇ ಸಲಕ್ಕೆ ಆಗಲಿಲ್ಲ, ನಾಲ್ಕು ದಿನದ ಬಿಡುವು ಹಿಡಿಯಿತು. ಡ್ರೈವರ್ ಕಾಗದ ತಂದವನು ನನ್ನ ಬೆನ್ನ ಹಿಂದೆ ನಿಂತು, "ಆ ಮೂರನೇ ತಿರುವಲ್ಲಿ ಗುಂಡಿ ಇರಬೇಕಲ್ಲಮ್ಮಾ?" ಎಂದ. ಇತ್ತು. ಗುಂಡಿಯನ್ನು ಶಪಿಸಿ ನಾನು ಯಾವಾಗಲೋ ಬರೆದಿದ್ದೆ. ಡ್ರೈವರ್ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮನೆಯ ಬಾಗಿಲು ತೆರೆದಿತ್ತು. ಮೊದಲು ನಿನ್ನ ಕೋಣೆಗೆ ಹೋದೆ. ನಿನ್ನ ರಿಪೇರಿ ಮೇಜು, ಅದರ ಮೇಲೆ ಬಿಚ್ಚಿಟ್ಟ ಪರದೆ, ಪಕ್ಕದಲ್ಲಿ ಸ್ಕ್ರೂಗಳನ್ನು ಹಾಕಿಡುವ ನಿನ್ನ ಒಡೆದ ಬಟ್ಟಲು. ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾರೆ: "ಕೆಲಸ ನಡೆಯುತ್ತಿದೆ. ಮಾತಾಡಿಸಿದರೆ ಬೈಸಿಕೊಳ್ಳುತ್ತೀರಿ." ಜೋರಾಗಿ ನಕ್ಕುಬಿಟ್ಟೆ. ಅವರು ಹೋದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು. ನಿನ್ನ ಸಿಟ್ಟನ್ನೂ ಅವರು ಅಳೆದು ಇಟ್ಟಿದ್ದಾರೆ ನೋಡು. ನೀನು ದೀಪ ಆರಿಸಿದ್ದಕ್ಕೆ ಅವರಿಗೆ ಬೇಸರವಿರಲಿಲ್ಲ, ಅದೂ ಆ ಮನೆಯ ಲೆಕ್ಕದೊಳಗೇ ಇತ್ತು.

ಆಮೇಲೆ ಅವರ ಕೋಣೆ. ದೀಪ ಉರಿಯುತ್ತಿತ್ತು. ಮೇಜು, ಕಿಟಕಿಯ ಕಡೆ ಮುಖ ಮಾಡಿದ ಒಂದು ಕುರ್ಚಿ. ಕುರ್ಚಿ ಖಾಲಿ. ಎಲ್ಲರನ್ನೂ ಎಲ್ಲವನ್ನೂ ಕಟ್ಟಿದವರು ತಮ್ಮನ್ನು ಮಾತ್ರ ಎಲ್ಲೂ ಇಟ್ಟಿಲ್ಲ. ನಾನು ಮನೆಯೆಲ್ಲ ಹುಡುಕಿದೆ, ಹಿತ್ತಲಲ್ಲೂ ಹುಡುಕಿದೆ. ಇಲ್ಲ. ಹೊರಟುಬಿಡೋಣವೆಂದುಕೊಂಡೆ, ಕಾಲು ಬರಲಿಲ್ಲ. ಹಾಗಾಗಿ ಆ ಕುರ್ಚಿಯಲ್ಲಿ ನಾನೇ ಕೂತೆ.

ಕೂತಾಗ ಕಣ್ಣು ತಾನಾಗಿ ಕಿಟಕಿಗೆ ಹೋಗುತ್ತದೆ, ಕುರ್ಚಿಯ ಎತ್ತರವನ್ನು ಹಾಗೆ ಇಟ್ಟಿದ್ದಾರೆ. ಅಡ್ಡಗುಡ್ಡವಿಲ್ಲದ ಬಯಲು, ಅದರಾಚೆ ಕಡುನೀಲಿ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಬಿಳಿಯ ಒಂದು ಚುಕ್ಕಿ. ನನ್ನ ಕೋಣೆ. ನಾನು ಒಂಬತ್ತು ವರ್ಷ ಬದುಕಿದ ಜಾಗವನ್ನು ಕೆಳಗಿನಿಂದ ಮೊದಲ ಸಲ ನೋಡಿದೆ. ಎಷ್ಟು ಎತ್ತರದಲ್ಲಿದ್ದೆ ನಾನು! ಎಷ್ಟು ಸಣ್ಣಗೆ! ನೀನು ಹೇಳಿದ ಲೆಕ್ಕದ ಪ್ರಕಾರ ಅವರ ಮಾನಿಟರಿನಲ್ಲಿ ಆ ಬೆಟ್ಟ ಬರೀ ನುಣ್ಣಗಿನ ಕತ್ತಲು. ಆ ಕತ್ತಲಿನ ಎದುರು ಅವರು ಏಳು ವರ್ಷ ಕೂತಿದ್ದರು, ಅದರಲ್ಲಿ ನಾನು ಎಲ್ಲಿದ್ದೇನೆ ಎಂದು ಇಂಚು ಇಂಚು ಗೊತ್ತಿದ್ದವರ ಹಾಗೆ. ಅವರು ಒಂಟಿಯಾಗಿದ್ದರೇ ಎಂದು ಕೇಳಿದ್ದೆನಲ್ಲ, ಆ ಪ್ರಶ್ನೆಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನನಗೆ ಅಳು ಬಂತು, ಆದರೆ ಅದು ದುಃಖದ ಅಳು ಅಲ್ಲ. ದೊಡ್ಡದೊಂದರ ಮುಂದೆ ನಿಂತಾಗ ಬರುತ್ತದಲ್ಲ, ಅಂಥದ್ದು.

ಮುಂದಿನ ಜೀಪಿಗೆ ನೀನು ಬಾ. ಸ್ವೆಟರ್ ಎರಡು ತಾ. ಅಂಗಡಿ ಹದಿನೈದು ದಿನ ಮುಚ್ಚಿದರೆ ಲೋಕದ ಪರದೆಗಳೇನೂ ಒಡೆದುಹೋಗುವುದಿಲ್ಲ.

ಇನ್ನೊಂದು ಮಾತು. ಅಂದು ಎಷ್ಟು ಹೊತ್ತು ಕೂತೆನೋ ತಿಳಿಯಲಿಲ್ಲ, ಆರು ಗಂಟೆಯ ಓದು ಇಪ್ಪತ್ತು ನಿಮಿಷ ತಡವಾಯಿತು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ನಮ್ಮ ರಿಜಿಸ್ಟರಿನಲ್ಲಿ ತಡಕ್ಕೆ ಕಾರಣ ಬರೆಯಲು ಒಂದು ಸಣ್ಣ ಜಾಗವಿದೆ, ಇಷ್ಟು ವರ್ಷ ಖಾಲಿಯಾಗಿಯೇ ಇತ್ತು. ಉಪಕರಣ ಕೆಟ್ಟಿತ್ತು ಎಂದು ಬರೆಯಬಹುದಿತ್ತು. ಸುಳ್ಳು ಸಾಕು ಅನ್ನಿಸಿತು. "ಮನೆಗೆ ಹೋಗಿದ್ದೆ" ಎಂದು ಬರೆದು ಸಹಿ ಹಾಕಿದೆ.

ನಿನ್ನ ಅತ್ತಿಗೆ